ಮನೆಯ ವಯಸ್ಸು, ಕೆರೆಯ ವಯಸ್ಸು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಮನೆ ಕೊಂಡು ನೋಡು ಎಂದು ಯಾರೂ ಹೇಳಿಲ್ಲ. ಹೇಳುವ ಪ್ರಸಂಗ ಆಗ ಅಷ್ಟಾಗಿ ಬರುತ್ತಿರಲಿಲ್ಲ. ಕಟ್ಟಿಸುವವನು ಪಾಯ ತೋಡುವಾಗ ಪಕ್ಕದಲ್ಲೇ ನಿಂತಿರುತ್ತಿದ್ದ. ಎರಡಡಿಗೆ ಎರೆಮಣ್ಣು ಬಂತೋ, ಗರಸು ಬಂತೋ, ನೀರು ಜಿನುಗಿತೋ ಎಂದು ಕಣ್ಣಾರೆ ನೋಡುತ್ತಿದ್ದ. ಕೊಳ್ಳುವ ನಮಗೆ ಕಾಣುವುದು ಟೈಲ್ಸು, ಮಾಡ್ಯುಲರ್ ಕಿಚನ್ನು, ಕ್ಲಬ್ ಹೌಸಿನ ಈಜುಕೊಳ. ಅದರ ಕೆಳಗೆ ಏನಿದೆ ಎಂಬುದು ಮಾರುವವನಿಗೆ ಗೊತ್ತು, ಅಥವಾ ಅವನಿಗೂ ಗೊತ್ತಿಲ್ಲ. ಮನೆ ಕೊಳ್ಳುವುದರ ನೈತಿಕ ಪ್ರಶ್ನೆಗಳೆಲ್ಲ ಹುಟ್ಟುವುದು ಈ ಎರಡು ಅರಿವುಗಳ ನಡುವಿನ ಅಂತರದಲ್ಲಿ ಎಂದು ನನಗೆ ಅನ್ನಿಸಿದೆ.

ಹೈದರಾಬಾದಿಗೆ ಬಂದು ನನಗೆ ಹದಿನೇಳು ವರ್ಷ. ಕೂಕಟ್‌ಪಲ್ಲಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು. ಮಗಳು ಹತ್ತನೇ ತರಗತಿಗೆ ಬಂದಳು, ಮಗನಿಗೆ ತನ್ನದೇ ಮೇಜು ಬೇಕಾಯಿತು, ಲಿಂಗಸುಗೂರಿನಿಂದ ಅಪ್ಪ ಅವ್ವ ಈಗ ವರ್ಷದಲ್ಲಿ ಆರು ತಿಂಗಳು ನಮ್ಮೊಂದಿಗೆ ಇರುತ್ತಾರೆ. ಅಪ್ಪನ ಮೊಣಕಾಲಿಗೆ ಮೆಟ್ಟಿಲು ಆಗುವುದಿಲ್ಲ. ಹೀಗಾಗಿ ದೊಡ್ಡ ಮನೆ ಬೇಕಾಯಿತು. ನಮ್ಮ ವೃತ್ತಿಯವರು ಮಾಡುವಂತೆ ನಾನೂ ಒಂದು ಎಕ್ಸೆಲ್ ಶೀಟು ಮಾಡಿದೆ. ಮೊದಲ ಕಾಲಮ್ಮು ಬಡಾವಣೆ, ಎರಡನೆಯದು ಮನೆಯ ವಯಸ್ಸು. ಆಫೀಸಿನ ಊಟದ ಮೇಜಿನಲ್ಲೂ ಕೇಳುವುದು ಇವೆರಡನ್ನೇ: ಯಾವ ಏರಿಯಾ, ಹೊಸದೋ ರೀಸೇಲೋ?

ಈ ಊರಿನಲ್ಲಿ ಆ ಪ್ರಶ್ನೆಗೆ ಮುಖ್ಯವಾಗಿ ಎರಡು ಉತ್ತರಗಳಿವೆ. ಒಂದು ಪಶ್ಚಿಮಕ್ಕೆ ಹೋಗುವುದು: ನಲ್ಲಗಂಡ್ಲ, ತೆಲ್ಲಾಪುರ, ಕೊಲ್ಲೂರು, ನಾರ್ಸಿಂಗಿ, ಕೋಕಾಪೇಟ. 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಊರು ಆ ಕಡೆಗೇ ವಾಲಿತು. 158 ಕಿಲೋಮೀಟರಿನ ಹೊರವರ್ತುಲ ರಸ್ತೆ ಬಂದ ಮೇಲೆ ಇನ್ನಷ್ಟು ವಾಲಿತು. 2023ರ ಆಗಸ್ಟ್‌ನಲ್ಲಿ ಕೋಕಾಪೇಟದ ನಿಯೋಪೊಲಿಸ್ ಹರಾಜಿನಲ್ಲಿ ಒಂದು ಎಕರೆಯ ಬೆಲೆ 100 ಕೋಟಿ ರೂಪಾಯಿ ದಾಟಿತು. ಇನ್ನೊಂದು, ಪೂರ್ವದ ಹಳೆಯ ಕಾಲೊನಿಗಳಿಗೆ ಮರಳುವುದು: ತಾರ್ನಾಕಾ, ಹಬ್ಸಿಗುಡ, ಬರ್ಕತ್‌ಪುರ, ಮಾರೇಡ್‌ಪಲ್ಲಿ, ಸೈನಿಕ್‌ಪುರಿ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇರುವುದೂ ಆ ಕಡೆಗೇ. 1956ರವರೆಗೆ ರಾಯಚೂರು, ಕಲಬುರಗಿ, ಬೀದರಿನವರಿಗೆ ಇದೇ ರಾಜಧಾನಿಯಾಗಿತ್ತು. ನಮ್ಮ ಹಿರಿಯರು ಕಚೇರಿ, ಕೋರ್ಟು, ಕಾಲೇಜು ಎಂದು ಬಂದು ಇಳಿದದ್ದು ಆ ಓಣಿಗಳಲ್ಲಿ. ನಾವು ಇಳಿದದ್ದು ಹೈಟೆಕ್ ಸಿಟಿಯಲ್ಲಿ.

ವಯಸ್ಸಿನ ಲೆಕ್ಕ ಮೇಲ್ನೋಟಕ್ಕೆ ಸರಳ. ಕಟ್ಟಡ ಹಳೆಯದಾದಷ್ಟೂ ಅದರ ಬೆಲೆ ಇಳಿಯುತ್ತದೆ, ನೆಲದ ಬೆಲೆ ಏರುತ್ತದೆ. ನಾಲ್ಕು ಮಹಡಿಯ ಹಳೆಯ ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಪಾಲಿಗೆ ಬರುವ ಅವಿಭಜಿತ ನೆಲ ನಲವತ್ತು ಮಹಡಿಯ ಗೋಪುರದಲ್ಲಿ ಬರುವುದಕ್ಕಿಂತ ಎಷ್ಟೋ ಹೆಚ್ಚು. ಆದರೆ ಹಳೆಯದರಲ್ಲಿ ವೈರಿಂಗ್ ಬದಲಿಸಬೇಕು, ನೀರಿನ ಪೈಪು ತುಕ್ಕು ಹಿಡಿದಿರುತ್ತದೆ, ಕಾರು ನಿಲ್ಲಿಸಲು ಜಗಳ, ಬ್ಯಾಂಕಿನವರು ಕಟ್ಟಡದ ಉಳಿದ ಆಯುಷ್ಯ ಕೇಳುತ್ತಾರೆ. ಕಟ್ಟುತ್ತಿರುವ ಮನೆಗೆ ಸಾಮಾನ್ಯವಾಗಿ 5% ಜಿಎಸ್‌ಟಿ, ಮುಗಿದು ಕಂಪ್ಲೀಷನ್ ಸರ್ಟಿಫಿಕೇಟ್ ಬಂದದ್ದಕ್ಕೆ ಇಲ್ಲ. 2016ರ ರೇರಾ ಕಾಯ್ದೆಯ ಪ್ರಕಾರ ಹೊಸ ಮನೆಯ ರಚನೆಯಲ್ಲಿ ದೋಷ ಕಂಡರೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದವರೆಗೆ ಬಿಲ್ಡರು ಸರಿಪಡಿಸಬೇಕು. ಹಳೆಯ ಮನೆಗೆ ಆ ಆಸರೆ ಇಲ್ಲ.

ಇಷ್ಟನ್ನೂ ಶೀಟಿನಲ್ಲಿ ತುಂಬಿ ತೋರಿಸಿದಾಗ ಅವ್ವ ಕೇಳಿದ್ದು ಒಂದೇ ಮಾತು. “ಗ್ವಾಡಿ ಬಣ್ಣ ಏನ್ ನೋಡ್ತಿ? ಮಳಿ ಬಂದ್ರ ನೀರ ಎಲ್ಲಿಗೆ ಹೋಗ್ತಾವ ಕೇಳು.” ನನ್ನ ಶೀಟಿನಲ್ಲಿ ಆ ಕಾಲಮ್ಮು ಇರಲಿಲ್ಲ. ಸೇರಿಸಿದ ಮೇಲೆ ಮನೆಯ ವಯಸ್ಸಿನ ಅರ್ಥವೇ ಬದಲಾಯಿತು. 24 ಆಗಸ್ಟ್ 2000ರಂದು ಬೇಗಂಪೇಟೆಯಲ್ಲಿ ಒಂದು ದಿನಕ್ಕೆ ಸುಮಾರು 24 ಸೆಂಟಿಮೀಟರ್ ಮಳೆ ಸುರಿಯಿತು. 13 ಅಕ್ಟೋಬರ್ 2020ರ ರಾತ್ರಿ ಊರಿನ ಹತ್ತಾರು ಕಾಲೊನಿಗಳು ಮುಳುಗಿದವು. 1995ರಲ್ಲಿ ಕಟ್ಟಿದ ಮನೆ ಈ ಎರಡೂ ಪರೀಕ್ಷೆಗೆ ಕೂತಿದೆ. ಪಾಸೋ ಫೇಲೋ, ಫಲಿತಾಂಶವಂತೂ ಇದೆ. 2022ರಲ್ಲಿ ಬೀಗದ ಕೈ ಕೊಟ್ಟ ಗೋಪುರ ಅಂಥ ಪರೀಕ್ಷೆಗೆ ಇನ್ನೂ ಕೂತಿಲ್ಲ. ವಯಸ್ಸೆಂದರೆ ಸವೆತ ಮಾತ್ರವಲ್ಲ, ಸಾಕ್ಷ್ಯವೂ ಹೌದು.

ಆದರೆ ಸಾಕ್ಷ್ಯವನ್ನು ಓದುವಾಗ ಎಚ್ಚರ ಬೇಕು. ಹಳೆಯ ಕಾಲೊನಿಗಳಲ್ಲಿ ತಿರುಗಾಡಿದವರಿಗೆ ಗೊತ್ತು, ಗೇಟು ದಾಟಿದರೆ ಮನೆಯಂಗಳಕ್ಕೆ ಇಳಿಯಬೇಕು. ಕಟ್ಟುವಾಗ ಅಂಗಳ ರಸ್ತೆಗಿಂತ ಮೇಲಿತ್ತು. ಒಂದರ ಮೇಲೊಂದು ಡಾಂಬರು ಹಾಕುತ್ತ ರಸ್ತೆ ಏರಿತು. ಮೇಲ್ಭಾಗದಲ್ಲಿ ಹೊಸ ಲೇಔಟು ಬಂದಾಗ ಅವರು ಮಣ್ಣು ತುಂಬಿ ನೆಲ ಎತ್ತರಿಸಿಕೊಂಡರು, ಹಳೆಯ ಕಾಲುವೆಗೆ ಗೋಡೆ ಕಟ್ಟಿದರು. ಮೊದಲು ಹೊಲದಲ್ಲಿ ಇಂಗುತ್ತಿದ್ದ ನೀರು ಈಗ ಕಾಂಕ್ರೀಟಿನ ಮೇಲೆ ಓಡಿ ಕೆಳಗಿನವರ ಬಾಗಿಲಿಗೆ ಬರುತ್ತದೆ. ಹಳೆಯ ಮನೆ ಮುಳುಗಿದ್ದಕ್ಕೆ ಅದರ ದೌರ್ಬಲ್ಯವೇ ಕಾರಣ ಎನ್ನುವ ಹಾಗಿಲ್ಲ. ಹೊಸ ಮನೆ ಒಣಗಿರುವುದೂ ಕಾರಣ ಇರಬಹುದು. ಬಡಾವಣೆ ಯಾವುದು, ಮನೆ ಎಷ್ಟು ಹಳೆಯದು ಎಂಬ ಎರಡು ಕಾಲಮ್ಮುಗಳು ಇಲ್ಲಿ ಒಂದಕ್ಕೊಂದು ತಗಲುತ್ತವೆ. ನಾನು ಎಲ್ಲಿ ಕೊಂಡೆ ಎಂಬುದು ಯಾರ ಮನೆಗೆ ನೀರು ನುಗ್ಗಿತು ಎಂಬುದರ ಜೊತೆ ಕೂಡಿಕೊಂಡಿದೆ.

ಇದನ್ನು ಈ ಊರಿಗೆ ವಿವರಿಸಿ ಹೇಳಿದವರಲ್ಲಿ ಒಬ್ಬರು ನಮ್ಮ ಮುದ್ದೇನಹಳ್ಳಿಯವರು. 28 ಸೆಪ್ಟೆಂಬರ್ 1908ರಂದು ಮೂಸಿ ನದಿ ಉಕ್ಕಿ ಸುಮಾರು 15,000 ಜನ ಸತ್ತರೆಂದು ಅಂದಾಜು. ಮರುವರ್ಷ ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ನದಿದಂಡೆಗೆ ಎತ್ತರದ ಗೋಡೆ ಕಟ್ಟಿಸಿ ಸುಮ್ಮನಾಗಲಿಲ್ಲ. ಮೇಲಿನ ಜಲಾನಯನದಲ್ಲಿ ಕೆರೆಗಳು ಹೇಗೆ ಒಂದರ ಹಿಂದೊಂದು ಒಡೆದವು, ನೀರು ಎಲ್ಲಿಂದ ಎಷ್ಟು ಬಂತು ಎಂದು ಲೆಕ್ಕ ಹಾಕಿದರು. ಊರಿಗೆ ಬರುವ ಮೊದಲೇ ನೀರನ್ನು ತಡೆದು ನಿಲ್ಲಿಸಬೇಕು ಎಂದರು. ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ 1927ರಲ್ಲಿ ಹಿಮಾಯತ್ ಸಾಗರ ಆದದ್ದು ಆ ಸಲಹೆಯಿಂದ. ಕೆಳಗಿನವರ ಸುರಕ್ಷತೆ ಮೇಲಿನವರ ನೆಲದ ಮೇಲೆ ನಿಂತಿದೆ ಎಂಬುದು ಅವರ ಯೋಜನೆಯ ತಿರುಳು.

1996ರ ಮಾರ್ಚ್‌ನಲ್ಲಿ ಹೊರಟ ಜಿ.ಓ. 111 ಅದೇ ತಿರುಳನ್ನು ಕಾನೂನಾಗಿಸಿತು. ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರ್, 84 ಹಳ್ಳಿಗಳಲ್ಲಿ ಕೈಗಾರಿಕೆಗೆ, ದೊಡ್ಡ ಕಟ್ಟಡಗಳಿಗೆ ತಡೆ. ಹಿಮಾಯತ್ ಸಾಗರದ ಬಳಿ ಬರಲಿದ್ದ ಒಂದು ಕಾರ್ಖಾನೆಯ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ಒಂದು ಮುಖ್ಯ ತತ್ವವನ್ನು ವಿವರಿಸಿತು: ಹಾನಿಯ ಸಂಶಯ ಇರುವಲ್ಲಿ ಹಾನಿಯಾಗುವುದಿಲ್ಲ ಎಂದು ತೋರಿಸುವ ಭಾರ ಇದ್ದ ಸ್ಥಿತಿಯನ್ನು ಬದಲಿಸಲು ಬಂದವನ ಮೇಲೆ, ನೀರು ಕುಡಿಯುವವರ ಮೇಲಲ್ಲ. 2022ರಲ್ಲಿ ಸರ್ಕಾರ ಇನ್ನೊಂದು ಆದೇಶ ತಂದು ಈ ತಡೆಯನ್ನು ಸಡಿಲಿಸಿತು. 2023ರ ಮೇ ತಿಂಗಳಲ್ಲಿ ಅದನ್ನು ಪೂರ್ತಿ ತೆಗೆಯುವ ತೀರ್ಮಾನವನ್ನೂ ಸಂಪುಟ ಮಾಡಿತು. ಆ ಹಳ್ಳಿಗಳ ರೈತರು ತಮ್ಮ ನೆಲ ಮಾತ್ರ ಅಗ್ಗವಾಗಿ ಉಳಿಯಿತೆಂದು ವರ್ಷಗಟ್ಟಲೆ ದೂರಿದ್ದರಲ್ಲಿ ನ್ಯಾಯವಿದೆ. ಊರಿಗೆಲ್ಲ ನೀರು ಕಾಯ್ದವರಿಗೆ ಊರು ಏನೂ ಕೊಡಲಿಲ್ಲ. ಆದರೆ ಆ ಅನ್ಯಾಯಕ್ಕೆ ಪರಿಹಾರ ನಮ್ಮಂಥವರ ವಿಲ್ಲಾ ಆಗಬೇಕೇ ಎಂಬುದು ಬೇರೆ ಪ್ರಶ್ನೆ. ಕೋರ್ಟಿನ ತತ್ವವನ್ನು ನನ್ನ ಶೀಟಿಗೆ ತಂದುಕೊಂಡರೆ ಸಂಶಯದ ಲಾಭ ಕೆರೆಗೆ ಹೋಗಬೇಕು, ಫ್ಲ್ಯಾಟಿಗಲ್ಲ.

ಕಾನೂನು ಒಪ್ಪಿದೆ, ಬ್ಯಾಂಕು ಸಾಲ ಕೊಟ್ಟಿದೆ, ರಿಜಿಸ್ಟ್ರೇಷನ್ ಆಗಿದೆ, ಇನ್ನೇನು ಬೇಕು ಎಂದು ಗೆಳೆಯರು ಕೇಳುತ್ತಾರೆ. 2024ರಲ್ಲಿ ಹೈಡ್ರಾ ಸಂಸ್ಥೆ ಬಂದು ಕೆರೆಗಳ ಎಫ್‌ಟಿಎಲ್ ಗಡಿಯೊಳಗಿನ ಕಟ್ಟಡಗಳನ್ನು ಕೆಡವತೊಡಗಿದಾಗ ಈ ಮೂರೂ ಇದ್ದ ಎಷ್ಟೋ ಜನ ಬೀದಿಗೆ ಬಂದರು. ಅದೇ ಸೆಪ್ಟೆಂಬರ್‌ನಲ್ಲಿ ಮೂಸಿ ಪಾತ್ರದ ಬಡವರ ಮನೆಗಳ ಗೋಡೆಗೆ ಕೆಂಪು ಬಣ್ಣದ ಗುರುತು ಬಿತ್ತು. ಕೊಂಡವರೆಲ್ಲ ಒಂದೇ ಅಲ್ಲ. ತಿಳಿಯುವ ದಾರಿಯೇ ಇಲ್ಲದವನು ಒಬ್ಬ. ತಿಳಿಯಬಹುದಾಗಿತ್ತು, ಕೇಳಲಿಲ್ಲ ಎನ್ನುವವನು ಇನ್ನೊಬ್ಬ. ತಿಳಿದೇ, ಮುಂದೆ ಎಲ್‌ಆರ್‌ಎಸ್‌ನಲ್ಲಿ ದುಡ್ಡು ಕಟ್ಟಿದರೆ ಸಕ್ರಮವಾಗುತ್ತದೆ ಎಂದು ಲೆಕ್ಕ ಹಾಕಿದವನು ಮೂರನೆಯವನು. ಮೊದಲನೆಯವನಿಗೆ ಪರಿಹಾರ ಸಿಗಬೇಕು. ಮೂರನೆಯವನು ಬೇರೆಯವರ ನೀರಿನ ಮೇಲೆ ಜೂಜಾಡಿದ. ಎಂ.ಟೆಕ್ ಮಾಡಿ, ದಿನವಿಡೀ ಲ್ಯಾಪ್‌ಟಾಪಿನ ಮುಂದೆ ಕೂರುವ ನನ್ನಂಥವನು ಮೊದಲನೆಯ ಸಾಲಿನಲ್ಲಿ ನಿಲ್ಲಲು ಸಾಧ್ಯವಿಲ್ಲ. ಎಚ್‌ಎಂಡಿಎ ಕೆರೆಗಳ ನಕ್ಷೆಗಳನ್ನು ಜಾಲತಾಣದಲ್ಲಿ ಇಟ್ಟಿದೆ. ಗೂಗಲ್ ಅರ್ಥ್‌ನಲ್ಲಿ ಇಪ್ಪತ್ತು ವರ್ಷದ ಹಿಂದಿನ ಉಪಗ್ರಹ ಚಿತ್ರ ಸಿಗುತ್ತದೆ. 10 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ ಕೆರೆಗೆ 30 ಮೀಟರ್, ಚಿಕ್ಕದಕ್ಕೆ 9 ಮೀಟರ್ ಬಿಡಬೇಕು ಎಂಬ ಕಟ್ಟಡ ನಿಯಮ ಗುಟ್ಟೇನಲ್ಲ. ಏನೂ ಸಿಗದಿದ್ದರೆ ಊರಿನ ಹೆಸರೇ ಹೇಳುತ್ತದೆ. ಮಾಸಬ್ ಟ್ಯಾಂಕ್‌ನಲ್ಲಿ ಈಗ ಟ್ಯಾಂಕ್ ಇಲ್ಲ. ನಗಬೇಡಿ, ನಮ್ಮ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ.

ಇಲ್ಲಿಯವರೆಗಿನದು ಕೊಳ್ಳುವವನು ಹುಡುಕಿ ತಿಳಿಯಬಹುದಾದದ್ದು. ಮಾರುವವನಿಗೆ ಮಾತ್ರ ಗೊತ್ತಿರುವುದರ ಕಥೆ ಏನು? ಈ ಪ್ರಶ್ನೆ ಹಳೆಯದು. ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ ತನ್ನ ಮಗನಿಗೆಂದು ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದೇ ಉದಾಹರಣೆ ಕೊಡುತ್ತಾನೆ. ಒಬ್ಬ ಮನೆ ಮಾರುತ್ತಿದ್ದಾನೆ. ಮನೆ ಆರೋಗ್ಯಕ್ಕೆ ಕೆಟ್ಟದ್ದು, ಕೋಣೆಗಳಲ್ಲೆಲ್ಲ ಹಾವು ಬರುತ್ತವೆ, ಮರಮುಟ್ಟು ಕಳಪೆ, ಬೀಳುವ ಹಾಗಿದೆ. ಅದು ಅವನೊಬ್ಬನಿಗೇ ಗೊತ್ತು. ಹೇಳದೆ ಮಾರಬಹುದೇ? ಸ್ಟೋಯಿಕ್ ಪಂಥದ ಡಯೋಜನಿಸ್ ಮಾರಬಹುದು ಎನ್ನುವ ಕಡೆಗಿದ್ದ: ಯಾರೂ ಬಲವಂತ ಮಾಡಲಿಲ್ಲ, ಅವನು ಸುಳ್ಳು ಹೇಳಲಿಲ್ಲ, ತನ್ನ ಮಾಲನ್ನು ತಾನೇ ಕೆಟ್ಟದ್ದೆಂದು ಕೂಗಿ ಮಾರುವ ಮೂರ್ಖ ಯಾರು? ಅವನ ಶಿಷ್ಯ ಆಂಟಿಪೇಟರ್ ಒಪ್ಪಲಿಲ್ಲ: ದಾರಿ ತಪ್ಪಿದವನಿಗೆ ದಾರಿ ತೋರದಿರುವುದೇ ಪಾಪವಾದರೆ, ಗೊತ್ತಿದ್ದೂ ಅವನನ್ನು ನಷ್ಟಕ್ಕೆ ಬಿಡುವುದು ಅದಕ್ಕಿಂತ ಕೆಟ್ಟದ್ದು. ಸಿಸೆರೊ ಆಂಟಿಪೇಟರನ ಪಕ್ಷ ಹಿಡಿದ.

ನಮ್ಮ ಕಾನೂನೂ ಬಹುಪಾಲು ಅದೇ ಪಕ್ಷ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಮಾರುವವನಿಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ಅವನು ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ತಿಳಿಸಲೇಬೇಕು. ತಿಳಿಸದಿರುವುದನ್ನು ಕಾಯ್ದೆ ವಂಚನೆ ಎಂದೇ ಕರೆಯುತ್ತದೆ. ಹಾಗಿದ್ದರೂ ನಾನು ನೋಡಿದ ಇಪ್ಪತ್ತಕ್ಕೂ ಹೆಚ್ಚು ರೀಸೇಲ್ ಮನೆಗಳಲ್ಲಿ ಒಬ್ಬರನ್ನು ಬಿಟ್ಟು ಯಾರೂ ತಾವಾಗಿ ನೀರಿನ ಮಾತೆತ್ತಲಿಲ್ಲ. ಒಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಸೆಲ್ಲಾರಿಗೆ ನೀರು ನುಗ್ಗಿದ ಫೋಟೋ ಹಾಕಿದವರಿಗೆ ಕೂಡಲೇ ತೆಗೆಯಿರಿ, ರೇಟು ಬೀಳುತ್ತದೆ ಎಂಬ ಆದೇಶ ಬಂದದ್ದನ್ನು ಅಲ್ಲಿರುವ ಸಹೋದ್ಯೋಗಿ ತೋರಿಸಿದರು. ಬರೆದವರು ಕೆಟ್ಟವರಲ್ಲ. ಮಗಳ ಮದುವೆ, ಮಗನ ಎಂ.ಎಸ್ ಎಲ್ಲ ಆ ರೇಟಿನ ಮೇಲೇ ನಿಂತಿರುವವರು.

ತಾವಾಗಿ ಹೇಳಿದ ಆ ಒಬ್ಬರು ತಾರ್ನಾಕಾ ಕಡೆಯ ನಿವೃತ್ತ ಬ್ಯಾಂಕ್ ನೌಕರರು. 1996ರಲ್ಲಿ ಕಟ್ಟಿದ ಮನೆ, ನೆಲಮಹಡಿಯಲ್ಲೇ ಎರಡು ಕೋಣೆ. ಕಾಫಿ ಕೊಡುವ ಮೊದಲೇ ಹೊರಗೆ ಕರೆದೊಯ್ದು ಮೆಟ್ಟಿಲು ತೋರಿಸಿದರು. “ನೋಡಿ ಸಾರ್, 2000ದಲ್ಲಿ ಬರಲಿಲ್ಲ. 2020ರಲ್ಲಿ ಎರಡನೇ ಮೆಟ್ಟಿಲಿನವರೆಗೆ ಬಂತು. ಒಳಗೆ ಬರಲಿಲ್ಲ. ಮೇಲಿನ ರಸ್ತೆ ಎತ್ತರಿಸಿದ ಮೇಲೆ ಹೀಗಾಯಿತು.” ನಮಗಿಂತ ಮೊದಲು ಮೂವರು ಬಂದಿದ್ದರಂತೆ. ಇದನ್ನು ಕೇಳಿ ಇಬ್ಬರು ಮತ್ತೆ ಫೋನ್ ಮಾಡಲಿಲ್ಲ, ಒಬ್ಬರು ಇಪ್ಪತ್ತು ಲಕ್ಷ ಕಡಿಮೆ ಮಾಡಿ ಎಂದರು. ಅದೇ ಬೀದಿಯಲ್ಲಿ, ಅಷ್ಟೇ ತಗ್ಗಿನಲ್ಲಿರುವ ಇನ್ನೊಂದು ಮನೆ ಕೇಳಿದ ಬೆಲೆಗೇ ಹೋಯಿತು. ಆ ಮನೆಯವರು ಏನೂ ಹೇಳಿರಲಿಲ್ಲ ಎಂದು ಇಸ್ತ್ರಿ ಅಂಗಡಿಯವನು ಹೇಳಿದ.

ಸಿಸೆರೊ ಕೇಳದ ಒಂದು ಪ್ರಶ್ನೆ ಇಲ್ಲಿದೆ. ಡಯೋಜನಿಸ್, ಆಂಟಿಪೇಟರ್ ಇಬ್ಬರೂ ವಾದಿಸಿದ್ದು ಮಾರುವವನ ಕರ್ತವ್ಯದ ಬಗ್ಗೆ. ಕೇಳುವವನಿಗೂ ಒಂದು ಕರ್ತವ್ಯ ಇಲ್ಲವೇ? ಹೇಳಿದವನಿಂದ ಇಪ್ಪತ್ತು ಲಕ್ಷ ಕಡಿದು, ಹೇಳದವನಿಂದ ಏನೂ ಕಡಿಯದಿದ್ದರೆ ನಾವು ಕಡಿದದ್ದು ನೀರಿನ ಬೆಲೆಯಲ್ಲ, ಎರಡೂ ಮನೆಗೆ ಬಂದದ್ದು ಒಂದೇ ನೀರು. ನಾವು ಹಾಕಿದ್ದು ಸತ್ಯಕ್ಕೆ ದಂಡ. ಆ ದಂಡವನ್ನು ನೋಡಿ ಮುಂದಿನ ಮಾರಾಟಗಾರ ಬಾಯಿ ಮುಚ್ಚುವುದನ್ನು ಕಲಿಯುತ್ತಾನೆ. ಈ ಊರಿನ ಮೌನವನ್ನು ಮಾರುವವರಷ್ಟೇ ಕೊಳ್ಳುವವರೂ ಕಟ್ಟಿದ್ದೇವೆ.

ನಮ್ಮ ಕೆಲಸದಲ್ಲಿ ಇದು ಹೊಸದಲ್ಲ. ಸ್ಟೇಟಸ್ ರಿಪೋರ್ಟಿನಲ್ಲಿ ಎಲ್ಲ ಸಾಲೂ ಹಸಿರಾಗಿದ್ದರೆ ಅನುಭವಿ ಮ್ಯಾನೇಜರಿಗೆ ಅನುಮಾನ ಬರುತ್ತದೆ. ರಿಸ್ಕ್ ಪಟ್ಟಿಯಲ್ಲಿ ಬರೆಯದ ಅಪಾಯ ಸೊನ್ನೆ ಅಪಾಯವಲ್ಲ, ಅಳೆಯದ ಅಪಾಯ. ಕೆಂಪು ಹಚ್ಚಿ ತಂದ ಹುಡುಗನನ್ನು ಮೀಟಿಂಗಿನಲ್ಲಿ ಬೈದರೆ ಮುಂದಿನ ವಾರದಿಂದ ತಂಡವೆಲ್ಲ ಹಸಿರನ್ನೇ ತರುತ್ತದೆ, ಪ್ರಾಜೆಕ್ಟು ಹಾಗೆಯೇ ಮುಳುಗುತ್ತದೆ. ಆಫೀಸಿನಲ್ಲಿ ಇಷ್ಟು ಗೊತ್ತಿರುವ ನಾವು ಮನೆ ನೋಡಲು ಹೋದಾಗ ಮಾತ್ರ ಹಸಿರು ಬಣ್ಣಕ್ಕೆ ಪೂರ್ತಿ ಬೆಲೆ ಕೊಡುತ್ತೇವೆ.

ಹಾಗೆಂದು ದೋಷ ಹೇಳಿದವನಿಗೆ ಕೇಳಿದಷ್ಟು ಕೊಡಬೇಕೇ? ಇಪ್ಪತ್ತು ವರ್ಷದ ಇಎಂಐ ಕಟ್ಟುವವನು ಧರ್ಮರಾಯ ಆಗಬೇಕಿಲ್ಲ, ಚೌಕಾಸಿ ಮಾಡುವುದು ತಪ್ಪೂ ಅಲ್ಲ. ನನ್ನ ಹೆಂಡತಿಯೂ ಇದನ್ನೇ ಕೇಳಿದಳು, ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಯೋಚಿಸಿ ನಾವು ಒಂದು ನಿಯಮ ಮಾಡಿಕೊಂಡೆವು. ದೋಷವನ್ನು ಸರಿಪಡಿಸಲು ತಗಲುವ ಖರ್ಚನ್ನು ಕಳೆಯೋಣ, ದೋಷ ಕೇಳಿ ಹುಟ್ಟಿದ ಹೆದರಿಕೆಯ ಬೆಲೆಯನ್ನು ಕಳೆಯುವುದು ಬೇಡ. ಹೆದರಿಕೆಯನ್ನು ಲೆಕ್ಕಕ್ಕೆ ತರುವುದೇ ಆದರೆ ಏನೂ ಹೇಳದ ಮನೆಗೇ ಹೆಚ್ಚು ತರಬೇಕು, ಅಲ್ಲಿ ಎಷ್ಟು ಹೆದರಬೇಕು ಎಂಬುದೂ ಗೊತ್ತಿಲ್ಲ. ಒಬ್ಬ ಸಿವಿಲ್ ಎಂಜಿನಿಯರನ್ನು ಕರೆದೊಯ್ದು, ಗೇಟಿಗೆ ತಡೆ, ಅಂಗಳದ ಎತ್ತರ, ಮಳೆನೀರಿನ ಇಂಗುಗುಂಡಿ, ಮೋಟಾರನ್ನು ಮೇಲೇರಿಸುವುದು, ಇಷ್ಟಕ್ಕೆ ಅಂದಾಜು ಹಾಕಿಸಿದೆವು. ಅಷ್ಟನ್ನೇ ಕಳೆಯಿರಿ ಎಂದೆವು. ಅವರು ಅಂದಾಜು ಪಟ್ಟಿಯನ್ನು ಎರಡು ಸಲ ಓದಿ ಒಪ್ಪಿದರು.

ನೀರು ಬಂದ ಚರಿತ್ರೆ ಇರುವ ಮನೆಯ ನೆಲಮಹಡಿಯಲ್ಲಿ ವಯಸ್ಸಾದ ಅಪ್ಪನನ್ನು ಮಲಗಿಸುತ್ತೀಯಾ ಎಂದು ಗೆಳೆಯರು ಕೇಳಿದರು. ಗಟ್ಟಿ ಪ್ರಶ್ನೆ. ನನಗಿದ್ದ ಆಯ್ಕೆ ನೀರು ಬರುವ ಮನೆ ಮತ್ತು ಬಾರದ ಮನೆಯ ನಡುವೆ ಇರಲಿಲ್ಲ. ಎಲ್ಲಿಯವರೆಗೆ ಬರುತ್ತದೆ ಎಂದು ಗೊತ್ತಿರುವ ಮನೆ ಮತ್ತು ಗೊತ್ತಿಲ್ಲದ ಮನೆಯ ನಡುವೆ ಇತ್ತು. ಎರಡನೇ ಮೆಟ್ಟಿಲು ಎಂದು ಗೊತ್ತಿದ್ದರೆ ನಾಲ್ಕನೇ ಮೆಟ್ಟಿಲಿಗೆ ತಯಾರಾಗಬಹುದು. ರಾಯದುರ್ಗಂಗೆ ನೇರ ಮೆಟ್ರೋ ಇದೆ, ದಿನಕ್ಕೆ ಒಟ್ಟು ಒಂದು ಗಂಟೆಯಷ್ಟು ಪ್ರಯಾಣ ಹೆಚ್ಚಾಯಿತು. ಅದು ಈ ಆಯ್ಕೆಯ ಬೆಲೆ, ಕೊಡುತ್ತಿದ್ದೇನೆ. ಎಲ್ಲರೂ ಪೂರ್ವಕ್ಕೆ ಬನ್ನಿ, ಹಳೆಯ ಮನೆಯನ್ನೇ ಕೊಳ್ಳಿ ಎಂಬುದು ನನ್ನ ವಾದವಲ್ಲ. ಪಶ್ಚಿಮದಲ್ಲೂ ಕೆರೆಗೆ ಜಾಗ ಬಿಟ್ಟು ಕಟ್ಟಿದ ಮನೆಗಳಿವೆ, ಪೂರ್ವದಲ್ಲೂ ಕಾಲುವೆ ನುಂಗಿದ ಮನೆಗಳಿವೆ. ನೀವು ಎಲ್ಲಿ ಕೊಂಡರೂ ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿ, ವಾಚ್‌ಮನ್‌ನನ್ನು ಕೇಳಿ, ಕೆಳಗಿನ ಬೀದಿಯವರನ್ನೂ ಕೇಳಿ. ನಿಮ್ಮ ಮನೆ ಒಣಗಿರಲು ಅವರು ಎಷ್ಟು ನೆನೆಯುತ್ತಾರೆ ಎಂದು ಹೇಳಬಲ್ಲವರು ಅವರೇ.

ಈಗ ಕ್ರಯಪತ್ರದ ಫೈಲಿನಲ್ಲಿ ಎರಡು ಕಡೆಯ ಸಹಿ ಇರುವ ಒಂದು ಹಾಳೆ ಇದೆ. ಯಾವ ದಿನ, ಯಾವ ಮಳೆಗೆ, ಎಷ್ಟನೇ ಮೆಟ್ಟಿಲಿನವರೆಗೆ ನೀರು ಬಂತು ಎಂದು ಮೊದಲ ಸಾಲನ್ನು ಆ ಹಿರಿಯರೇ ಬರೆದುಕೊಟ್ಟರು. ನೋಂದಣಿ ಕಚೇರಿ ಅದನ್ನು ಕೇಳುವುದಿಲ್ಲ, ಬ್ಯಾಂಕಿಗೂ ಬೇಡ. ಹನ್ನೆರಡೋ ಹದಿನೈದೋ ವರ್ಷದ ನಂತರ ಮಕ್ಕಳು ಬೇರೆ ಊರು ಸೇರಿ, ಮನೆ ದೊಡ್ಡದಾಯಿತೆನಿಸಿ, ನಾವೂ ಮಾರಲು ನಿಲ್ಲುತ್ತೇವೆ. ಆಗ ಕೊಳ್ಳಲು ಬಂದವರು ಈ ಹಾಳೆ ನೋಡಿ ಎದ್ದು ಹೋಗಬಹುದು, ಇಪ್ಪತ್ತು ಲಕ್ಷ ಕಡಿಮೆ ಕೇಳಲೂಬಹುದು. ಅಲ್ಲಿಯವರೆಗೆ ಹಾಳೆಯಲ್ಲಿ ಸಾಲುಗಳು ಕೂಡುತ್ತ ಹೋಗಲಿ. ಬರೆಯುವ ಕೆಲಸವನ್ನು ಮಗಳಿಗೆ ಒಪ್ಪಿಸಿದ್ದೇನೆ. ಅವಳ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ.